ಹತ್ತಿರದ ಕಾಲೇಜು

ಏಪ್ರಿಲ್ 3, ಶುಕ್ರವಾರ

ಮೂರನೇ ಪ್ರೂಫ್ ಕೂಡ ವಾಪಸ್. ಹಲ್ಲಿನ ಡಾಕ್ಟರ ಕರಪತ್ರ. ಫೋನ್ ನಂಬರ್ ಇನ್ನೂ ದೊಡ್ಡದು ಬೇಕಂತೆ. ಹೆಸರೂ ದೊಡ್ಡದು. ನಗುವ ಬಾಯಿಯೂ ದೊಡ್ಡದು. ಪ್ರೆಸ್ ಮಾಲೀಕರು ನನ್ನ ಕುರ್ಚಿಯ ಹಿಂದೆ ನಿಂತು, "ಎಲ್ಲಾನೂ ದೊಡ್ಡದು ಮಾಡಿಬಿಡಮ್ಮ, ಅವರಿಗೂ ಸಮಾಧಾನ ಆಗ್ಲಿ" ಎಂದರು. ಕಾಗದ ಮಾತ್ರ ಇದ್ದಷ್ಟೇ. ಮಾಡಿದೆ. ಹದಿನೆಂಟು ವರ್ಷದಿಂದ ಮಾಡುತ್ತಿರುವುದೇ ಇದು.

ಮಧ್ಯಾಹ್ನ ಅಕ್ಕನ ಫೋನ್. ಮಗಳ ಪರೀಕ್ಷೆ ಮುಗಿಯಿತಂತೆ. ಗ್ರಾಫಿಕ್ ಡಿಸೈನೇ ಓದುತ್ತೇನೆ ಎಂದು ಹಟ ಹಿಡಿದು ಕೂತಿದ್ದಾಳಂತೆ. "ನಮಗೇನು ತಿಳಿಯುತ್ತೆ? ನೀನು ಅದೇ ಕೆಲಸದಲ್ಲಿರೋಳು. ಭಾನುವಾರ ಬರ್ತೀವಿ, ಯಾವ ಕಾಲೇಜು ಅಂತ ನೀನೇ ಹೇಳ್ಬಿಡು."

ಆಗಲಿ ಎಂದೆ. ಫೋನ್ ಇಟ್ಟ ಮೇಲೆ ಡಾಕ್ಟರ ನಂಬರಿನಲ್ಲಿ ಒಂದು ಅಂಕಿ ತಪ್ಪು ಹೊಡೆದೆ. ಸದ್ಯ, ಆಮೇಲೆ ಕಣ್ಣಿಗೆ ಬಿತ್ತು.

ಏಪ್ರಿಲ್ 5, ಭಾನುವಾರ, ಸಂಜೆ

ಮೂವರೂ ಬಂದಿದ್ದರು. ಅಕ್ಕ, ಭಾವ, ಗುಬ್ಬಿ. ಹದಿನೆಂಟಾದರೂ ಎಲ್ಲರಿಗೂ ಅವಳು ಗುಬ್ಬಿಯೇ. ಒಂದು ಕಡೆ ಕೂರುವವಳಲ್ಲ. ಅಮ್ಮ ತನ್ನ ಕೋಣೆಯಿಂದಲೇ ಮೊಮ್ಮಗಳನ್ನು ಕೂಗಿದಳು. ಗುಬ್ಬಿ ಅಲ್ಲಿಗೊಮ್ಮೆ ಓಡಿ ಹೋಗಿ ಬಂದು, ನನ್ನ ಹಾಸಿಗೆಯ ಮೇಲೆ ಎರಡು ಪ್ರಾಸ್ಪೆಕ್ಟಸ್ ಹರಡಿದಳು.

ಒಂದು—ಇಲ್ಲೇ, ಎರಡು ಬಸ್ ಸ್ಟಾಪ್ ಆಚೆಯ ಕಾಲೇಜು. ಮಲ್ಟಿಮೀಡಿಯಾ, ಮೂರು ವರ್ಷ. ಇನ್ನೊಂದು—ರೈಲಿನಲ್ಲಿ ಒಂದು ಹಗಲು ದೂರದ ಯೂನಿವರ್ಸಿಟಿ. ನಾಲ್ಕು ವರ್ಷದ ಡಿಸೈನ್ ಪದವಿ. ಅಕ್ಷರ ಬರೆಯುವುದಕ್ಕೆಂದೇ ಒಂದು ಸ್ಟುಡಿಯೊ. ಮುಖಪುಟದಲ್ಲಿ ಅದೇ ಕೆಂಪು ಕಟ್ಟಡ. ಅದೇ ಉದ್ದ ಕಿಟಕಿಗಳು.

ಇಪ್ಪತ್ತು ವರ್ಷದ ಹಿಂದೆ ನನಗೆ ಅಲ್ಲಿ ಸೀಟು ಸಿಕ್ಕಿತ್ತು. ಆ ವರ್ಷ ಅಕ್ಕನ ಮದುವೆ. ಬೇಡ ಎಂದು ಯಾರೂ ಹೇಳಲಿಲ್ಲ. "ಮುಂದಿನ ವರ್ಷ ನೋಡೋಣ ಕಣಮ್ಮ" ಎಂದರು ಅಪ್ಪ. ಮುಂದಿನ ವರ್ಷ ಅಪ್ಪ ಹಾಸಿಗೆ ಹಿಡಿದರು. ಅದರ ಮುಂದಿನ ವರ್ಷ ನಾನು ಪ್ರೆಸ್‌ನಲ್ಲಿದ್ದೆ. ಗುಬ್ಬಿ ತೊಟ್ಟಿಲಲ್ಲಿದ್ದಳು.

"ಚಿಕ್ಕಮ್ಮ, ನೀನು ಎಲ್ಲಿ ಅಂದ್ರೆ ಅಲ್ಲಿ" ಎಂದಳು. ಕಣ್ಣು ಮಾತ್ರ ಕೆಂಪು ಕಟ್ಟಡದ ಮೇಲೆ.

"ಅಷ್ಟು ದೂರ ಕಳಿಸಿದ್ರೆ ಏನಾದ್ರೂ ಜಾಸ್ತಿ ಕಲೀತಾಳಾ?" ಭಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ನನಗೆ ಗೊತ್ತಿತ್ತು.

"ಎಲ್ಲಾ ಕಡೆ ಕಲಿಸೋದು ಅದೇ ಭಾವ. ಹತ್ತಿರದ್ದೇ ಸಾಕು."

ಎಷ್ಟು ಸಲೀಸಾಗಿ ಬಂತು! ಅಕ್ಕನ ಮುಖ ಹಗುರಾಯಿತು. ಗುಬ್ಬಿ "ಹೌದಾ?" ಎಂದಳು, ಅಷ್ಟೇ. ಎರಡನ್ನೂ ಚೀಲಕ್ಕೆ ಹಾಕಿದಳು. ಆಮೇಲೆ ಹೊರಡುವವರೆಗೂ ಒಂದೇ ಕಡೆ ಕೂತಿದ್ದಳು.

ಏಪ್ರಿಲ್ 6, ಬೆಳಿಗ್ಗೆ

ಪೂರ್ತಿ ಸುಳ್ಳು ಎನ್ನಲಾಗದು. ಪದವಿ ಪಡೆದು ಬಂದವರೂ ಕೊನೆಗೆ ಯಾವುದೋ ಡಾಕ್ಟರ ನಂಬರ್ ದೊಡ್ಡದು ಮಾಡುವವರೇ... ಹುಡುಗಿ ಒಬ್ಬಳೇ, ಗೊತ್ತಿಲ್ಲದ ಊರು... ಅಕ್ಕನಿಗೆ ಇರುವುದೂ ಒಬ್ಬಳೇ ಮಗಳು...

ಬರೆದದ್ದನ್ನು ಓದಿದೆ. ಯಾರಿಗೆ ಸಮಜಾಯಿಷಿ ಕೊಡುತ್ತಿದ್ದೇನೆ? ಇದನ್ನು ಓದುವವರು ಯಾರೂ ಇಲ್ಲ.

ಹೊಟ್ಟೆ ಉರಿಯಿತು. ಅಷ್ಟೇ ವಿಷಯ. ಆ ಕಿಟಕಿಯ ಪಕ್ಕ ಅವಳು ಕೂರುವುದನ್ನು ನೆನೆದು ಹೊಟ್ಟೆ ಉರಿಯಿತು.

ಏಪ್ರಿಲ್ 18, ಶನಿವಾರ

ಅಕ್ಕನಿಗೆ ಬಿಡುವಿರಲಿಲ್ಲ. ಕಾಲೇಜು ತೋರಿಸಲು ಗುಬ್ಬಿಯನ್ನು ನಾನೇ ಕರೆದುಕೊಂಡು ಹೋದೆ. ಮಂಚ, ಸೋಫಾ ಮಾರುವ ಅಂಗಡಿಯ ಮೇಲಿನ ಮಹಡಿ. ಗೋಡೆಯುದ್ದಕ್ಕೂ ಕಂಪ್ಯೂಟರು. ಸುಮಾರು ಇಪ್ಪತ್ತು ಮಕ್ಕಳು, ಎಲ್ಲರ ಪರದೆಯ ಮೇಲೂ ಒಂದೇ ಜ್ಯೂಸ್ ಬಾಟಲಿ. ಬಾಟಲಿಯ ಮೇಲೆ ಒಂದೇ ಜಾಗದಲ್ಲಿ ಒಂದೇ ನೀರಹನಿ.

"ಇದನ್ನ ಯಾರು ಕುಡೀತಾರೆ ಸರ್?" ಗುಬ್ಬಿ ಮೇಷ್ಟರನ್ನು ಕೇಳಿದಳು.

"ಅದೆಲ್ಲ ನಮಗ್ಯಾಕಮ್ಮ? ಹನಿ ಹೇಗೆ ಕೂರಿಸೋದು, ಅದು ಇವತ್ತಿನ ಪಾಠ. ಸಾಫ್ಟ್‌ವೇರ್ ಕೈಗೆ ಬಂದ್ರೆ ಕೆಲಸ ಗ್ಯಾರಂಟಿ." ಒಳ್ಳೆಯ ಮನುಷ್ಯರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನನಗಿಂತ ವಾಸಿ.

ಮೆಟ್ಟಿಲಿಳಿಯುವಾಗ ಗುಬ್ಬಿ, "ಚೆನ್ನಾಗೇ ಇದೆ ಅಲ್ವಾ ಚಿಕ್ಕಮ್ಮ?"

"ಹ್ಞೂಂ."

ಒಂದು ಫೈಲು ನನ್ನ ಕೈಗಿತ್ತಳು. "ನನ್ನ ಪೋರ್ಟ್‌ಫೋಲಿಯೊ. ಪ್ರೆಸ್‌ನಲ್ಲಿ ಬೈಂಡ್ ಮಾಡಿಸಿಕೊಡ್ತೀಯಾ? ನಾನ್ಯಾಕೆ ಇದನ್ನ ಓದ್ಬೇಕು ಅಂತ ಮೊದಲನೇ ಪುಟದಲ್ಲಿ ಬರ್ದಿದೀನಿ. ತಪ್ಪಿದ್ರೆ ತಿದ್ದು."

ಏಪ್ರಿಲ್ 19, ಭಾನುವಾರ, ಮಧ್ಯಾಹ್ನ

ಓದುವ ಮುಂಚೆಯೇ ಗೊತ್ತಿತ್ತು, ನನ್ನ ವಿಷಯ ಇರುತ್ತದೆ ಎಂದು. ಶಾಲೆ ಬಿಟ್ಟ ಮೇಲೆ ಪ್ರೆಸ್‌ಗೆ ಬಂದು ಕಾಗದದ ಕಟ್ಟಿನ ಮೇಲೆ ಕೂತು ನನ್ನ ಪರದೆಯನ್ನೇ ನೋಡುತ್ತಿದ್ದವಳಲ್ಲವೇ? ಕಣ್ಣು ತುಂಬಿಕೊಳ್ಳಲು ಸಿದ್ಧಳಾಗಿಯೇ ಕನ್ನಡಕ ಹಾಕಿಕೊಂಡೆ.

ಒಂದು ಸಾಲೂ ಇಲ್ಲ.

ಬರೆದಿರುವುದು ಅಜ್ಜಿಯ ಮಾತ್ರೆಗಳ ಬಗ್ಗೆ. ಹೋದ ವರ್ಷ ಅಮ್ಮ ಒಂದರ ಬದಲು ಇನ್ನೊಂದು ಮಾತ್ರೆ ನುಂಗಿ ಬಚ್ಚಲಲ್ಲಿ ಬಿದ್ದಳು. ಮೂರು ದಿನ ಆಸ್ಪತ್ರೆ. ಎರಡೂ ಡಬ್ಬಿ ಒಂದೇ ನೀಲಿ, ಒಂದೇ ಅಳತೆಯ ಅಕ್ಷರ. ನಾವೆಲ್ಲ ಅಮ್ಮನನ್ನೇ ಬೈದೆವು—ಕನ್ನಡಕ ಹಾಕ್ಕೋ ಅಂದ್ರೆ ಕೇಳಲ್ಲ ಅಂತ. ಗುಬ್ಬಿ ಮಾತ್ರ ಒಂದಕ್ಕೆ ಸೂರ್ಯ, ಇನ್ನೊಂದಕ್ಕೆ ಚಂದ್ರ ಬರೆದು ಅಂಟಿಸಿದ್ದಳು. ಮಕ್ಕಳಾಟ ಎಂದುಕೊಂಡಿದ್ದೆ.

'ಅಜ್ಜಿ ತಪ್ಪು ಮಾಡಲಿಲ್ಲ. ಡಬ್ಬಿ ತಪ್ಪು ಮಾಡಿತು' ಎಂದು ಬರೆದಿದ್ದಾಳೆ. 'ಓದಲಾಗದ ಆ ಅಕ್ಷರವನ್ನೂ ಯಾರೋ ಒಬ್ಬರು ಕೂತು ಮಾಡಿರುತ್ತಾರೆ. ಅವರಿಗೆ ಅಜ್ಜಿ ಕಾಣಿಸಿರಲಿಲ್ಲ. ನನಗೆ ಅಜ್ಜಿ ಕಾಣಿಸುತ್ತಾರೆ.'

ಅಂಥ ಡಬ್ಬಿಗಳನ್ನು ನಾನು ಎಷ್ಟು ಮಾಡಿದ್ದೇನೋ ಲೆಕ್ಕವಿಲ್ಲ. ಜಾಗ ಸಾಲದಿದ್ದರೆ ಅಕ್ಷರ ಕುಗ್ಗಿಸು, ಮುಗಿಯಿತು. ಅಮ್ಮ ಮಲಗುವುದು ನನ್ನ ಪಕ್ಕದ ಕೋಣೆಯಲ್ಲಿ. ನನಗೆ ಕಾಣಲಿಲ್ಲ. ಗುಬ್ಬಿಗೆ ಕಂಡಿತು.

ಇಷ್ಟು ದಿನ ಸೀಟಿಗೆ ಹೊಟ್ಟೆ ಉರಿಯುತ್ತಿತ್ತು. ಇವತ್ತು ಅವಳ ಕಣ್ಣಿಗೆ. ಸೀಟು ಹೋದದ್ದನ್ನಾದರೂ ಅಕ್ಕನ ಮದುವೆಯ ತಲೆಗೆ ಕಟ್ಟಬಹುದು. ಇದನ್ನು ಯಾರ ತಲೆಗೆ ಕಟ್ಟಲಿ?

ತಿದ್ದಲು ಒಂದು ಕೊಂಬು, ಒಂದು ದೀರ್ಘ ಕೂಡ ಸಿಗಲಿಲ್ಲ.

ಯೂನಿವರ್ಸಿಟಿಯ ವೆಬ್‌ಸೈಟ್ ತೆರೆದೆ. ಅರ್ಜಿಯ ಗಡುವು ಹದಿನೈದಕ್ಕೇ ಮುಗಿದಿದೆ. ತಡವಾದವರಿಗೆ ಇಪ್ಪತ್ತೈದರವರೆಗೆ ಅವಕಾಶ. ಅವರಿಗೂ ಪರೀಕ್ಷೆ ಉಂಟು; ಆದರೆ ಮೊದಲ ಪಟ್ಟಿಯವರು ಬಿಟ್ಟ ಸೀಟಿದ್ದರೆ ಮಾತ್ರ ಪ್ರವೇಶ.

ಏಪ್ರಿಲ್ 21

ಹೇಳಲಿಲ್ಲ.

ಏಪ್ರಿಲ್ 23, ಗುರುವಾರ

ಹೇಳಿದೆ. ಅರ್ಧ ದಿನ ರಜೆ ಹಾಕಿ ಹೋದೆ. ಅಕ್ಕ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು.

"ದೂರದ್ದೇ ಒಳ್ಳೇದು ಅಕ್ಕ. ನಂಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು ಅಂದ್ರೆ?"

"ಗೊತ್ತಿದ್ದೂ ಬೇರೆ ಹೇಳ್ದೆ."

ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿದಳು. "ಯಾಕೆ?"

"ಹೊಟ್ಟೆಕಿಚ್ಚು."

ದಾರಿಯುದ್ದಕ್ಕೂ ಬೇರೆ ಬೇರೆ ಮಾತು ಜೋಡಿಸಿಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

"ನನ್ನ ಮದುವೆಗೆ ನಿನ್ನ ಸೀಟು ಹೋಯ್ತು ಅಂತ ಇಪ್ಪತ್ತು ವರ್ಷ ತುಟಿ ಬಿಚ್ಚಲಿಲ್ಲ ನೀನು. ನನ್ನ ಹತ್ರ ಜಗಳ ಆಡ್ಬೇಕಿತ್ತು ಕಣೇ. ನನ್ನ ಮಗಳು ನಿಂಗೇನು ಮಾಡಿದ್ಳು?"

ಗುಬ್ಬಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. "ಗಡುವು ಯಾವತ್ತು?" ಎಂದಳು. ನಾಡಿದ್ದು ಎಂದೆ. "ಫೈಲ್ ಎಲ್ಲಿ?" ಚೀಲದಿಂದ ತೆಗೆದುಕೊಟ್ಟೆ.

"ಸರಿ. ನೀವು ಹೊರಡಿ. ನಾನೇ ಅರ್ಜಿ ತುಂಬ್ತೀನಿ."

ನೀವು. ಮಾತು ಕಲಿತಾಗಿನಿಂದ ನನ್ನನ್ನು ನೀನು ಎಂದವಳು.

ಮೇ 17, ಭಾನುವಾರ

ಪ್ರವೇಶ ಪರೀಕ್ಷೆ ಮುಗಿಯಿತಂತೆ. ಅಮ್ಮನಿಂದ ತಿಳಿಯಿತು. ಗುಬ್ಬಿ ಅಜ್ಜಿಗೆ ದಿನಾ ಫೋನ್ ಮಾಡುತ್ತಾಳೆ. ನಾನು ಕೋಣೆಗೆ ಕಾಲಿಟ್ಟರೆ ಅಮ್ಮ "ನಿನ್ನ ಚಿಕ್ಕಮ್ಮ ಬಂದ್ಳು ನೋಡು" ಎನ್ನುತ್ತಾಳೆ. ಆ ಕಡೆ ಮಾತು ಮುಗಿಯುತ್ತದೆ.

ಪ್ರೆಸ್‌ನಲ್ಲಿ ಶುಕ್ರವಾರ ಒಂದು ಔಷಧದ ಡಬ್ಬಿಯ ಕೆಲಸ. "ಅಕ್ಷರ ಇಷ್ಟು ಚಿಕ್ಕದು ಮಾಡಲ್ಲ ಸರ್" ಎಂದೆ. ಮಾಲೀಕರು, "ಹಾಗಂತ ಗಿರಾಕಿಗೆ ನೀನು ಹೇಳ್ತೀಯಾ?" "ನಂಬರ್ ಕೊಡಿ, ಹೇಳ್ತೀನಿ." ಕೊಟ್ಟರು. ಹೇಳಿದೆ. ಗಿರಾಕಿ ಬೇರೆ ಪ್ರೆಸ್‌ಗೆ ಹೋದ. ಆವತ್ತಿನಿಂದ ಮಾಲೀಕರು ನನ್ನ ಜೊತೆ ಟೀ ಕುಡಿಯುತ್ತಿಲ್ಲ.

ಜೂನ್ 20, ಶನಿವಾರ

ಎರಡನೇ ಪಟ್ಟಿ ಬಂತು. ಗುಬ್ಬಿಯ ಹೆಸರಿಲ್ಲ. ಕಾಯುವವರ ಸಾಲಿನಲ್ಲಿ ನಾಲ್ಕನೆಯವಳು. ಪರೀಕ್ಷೆಯಲ್ಲಿ ಬಂದ ಅಂಕಕ್ಕೆ ಮೊದಲ ಪಟ್ಟಿಯಲ್ಲೇ ಸಿಗುತ್ತಿತ್ತಂತೆ, ಅರ್ಜಿ ಹೊತ್ತಿಗೆ ಸರಿಯಾಗಿ ಹಾಕಿದ್ದರೆ.

"ಸಮಾಧಾನ ಆಯ್ತಾ?" ಅಕ್ಕ ಫೋನಿನಲ್ಲಿ ಕೇಳಿ ಇಟ್ಟುಬಿಟ್ಟಳು.

ಆಯಿತು. ಇಲ್ಲಿಯಾದರೂ ಬರೆದಿಡುತ್ತೇನೆ. ಒಂದು ಕ್ಷಣ ಹೊಟ್ಟೆ ತಣ್ಣಗಾಯಿತು. ಆಮೇಲೆ ಊಟದ ತಟ್ಟೆ ಹಾಗೇ ಎತ್ತಿಟ್ಟೆ.

ಜುಲೈ 9, ಗುರುವಾರ

ಸೀಟು ಸಿಕ್ಕಿತು. ಯಾರೋ ಪುಣ್ಯಾತ್ಮರು ನಾಲ್ವರು ಬಿಟ್ಟರಂತೆ. ಭಾವ ಪ್ರೆಸ್‌ಗೇ ಬಂದು ಹೇಳಿದರು. ಶನಿವಾರ ಬೆಳಿಗ್ಗೆ ರೈಲು.

"ಸ್ಟೇಶನ್‌ಗೆ ಬಾ ಅಂತ ನಾನು ಕರೀಬಹುದು. ಅವಳು ಕರೆದಿಲ್ಲ" ಎಂದರು, ಚಪ್ಪಲಿ ನೋಡುತ್ತ.

ಹೋಗುವುದಿಲ್ಲ. ಕಳಿಸಿಕೊಡುವ ಮುಖ ನನ್ನದಲ್ಲ. ಆ ರೈಲು ಹತ್ತುವವಳನ್ನು ನೋಡುವ ಧೈರ್ಯವೂ ಇಲ್ಲ. ಒಂದು ಸೂಟ್‌ಕೇಸ್ ಕೊಳ್ಳಬೇಕೆಂದು ಇಪ್ಪತ್ತು ವರ್ಷದ ಹಿಂದೆ ನಾನೂ ಅಂಗಡಿಗೆ ಹೋಗಿ ಬಂದಿದ್ದೆ. ಯಾರಿಗೂ ಹೇಳಿಲ್ಲ.

ಆಗಸ್ಟ್ 16, ಭಾನುವಾರ, ಬೆಳಿಗ್ಗೆ 11

ಗುಬ್ಬಿಯ ಮೆಸೇಜ್! ಏಪ್ರಿಲ್ ಆದ ಮೇಲೆ ಮೊದಲನೆಯದು. ಒಂದು ಫೋಟೊ. ಮಸಿಯಲ್ಲಿ, ಕೈಯಿಂದ, ಅಂಗೈಯಷ್ಟು ದೊಡ್ಡದಾಗಿ ಬರೆದ ಒಂದೇ ಪದ—'ಉಪ್ಪು'. ಕೆಳಗೆ, 'ನಾಳೆ ಗೋಡೆಗೆ ಅಂಟಿಸಿ ಎಲ್ಲರ ಮುಂದೆ ತಪ್ಪು ಒಪ್ಪು ಹೇಳ್ತಾರೆ. ಹೇಗಿದೆ?'

ಚೆನ್ನಾಗಿಲ್ಲ. ಒತ್ತಕ್ಷರ ಕರೆಯದೆ ಬಂದ ನೆಂಟನ ಹಾಗೆ ದೂರ ನಿಂತಿದೆ. ಉಕಾರಕ್ಕೆ ಬೊಜ್ಜು.

ಮೊದಲು ಬಂದದ್ದು ಸಂತೋಷ. ನಾಚಿಕೆಗೇಡಿನ, ಬಿಸಿಬಿಸಿ ಸಂತೋಷ. ಅಲ್ಲಿ ಕೂತೂ ಇಷ್ಟೇನಾ! ಇಷ್ಟನ್ನು ನಾನು ಕಣ್ಣು ಮುಚ್ಚಿ...

'ತುಂಬಾ ಚೆನ್ನಾಗಿದೆ' ಎಂದು ಟೈಪ್ ಮಾಡಿದೆ. ನಾಳೆ ಗೋಡೆಯ ಮುಂದೆ ನಿಂತಾಗ ತಾನೇ ಗೊತ್ತಾಗಲಿ. ಸುಳ್ಳಲ್ಲವೇ, ಸಲೀಸು. ಸಿಹಿ ಬೇರೆ.

ಕಳಿಸಲಿಲ್ಲ. ಅಳಿಸಿದೆ.

'ಚೆನ್ನಾಗಿಲ್ಲ. ಒತ್ತು ಹತ್ತಿರಕ್ಕೆ ಬರಬೇಕು, ಒಂದು ಕೂದಲೆಳೆ ಮೇಲಕ್ಕೆ. ಉ ತೆಳ್ಳಗೆ ಮಾಡು. ಇಡೀ ದಿನ ಇದೆ, ಮತ್ತೆ ಬರಿ.' ಕಳಿಸಿದೆ.

ಓದಿದ್ದಾಳೆ. ಇಪ್ಪತ್ತು ನಿಮಿಷವಾಯಿತು, ಉತ್ತರವಿಲ್ಲ. ಕಿಚ್ಚೇನೂ ಆರಿಲ್ಲ, ಈಗಲೂ ಇದೆ. ಅವಳಿಗೂ ಅದು ಗೊತ್ತು. ಹಾಗಿದ್ದ ಮೇಲೆ ನನ್ನ ಮಾತನ್ನು ನಂಬುತ್ತಾಳೆಯೇ? ಹೊಟ್ಟೆಕಿಚ್ಚಿಗೇ ಹೇಳಿದಳು ಎಂದುಕೊಂಡರೆ? ಇನ್ನೂ ಸ್ವಲ್ಪ ಮೆತ್ತಗೆ ಬರೆಯಬಹುದಿತ್ತೇನೋ...

ಫೋನ್. ಅವಳೇ. ವಿಡಿಯೊ ಕಾಲ್. ನಾನಿನ್ನೂ ತಲೆ ಬಾಚಿಲ್ಲ, ಕನ್ನಡಕ ಎಲ್ಲೋ—