ಕೈ ಸುಡುವ ಮೋಟಾರು

ಡುಲುತ್, ಮಿನೆಸೋಟ
ಮಂಗಳವಾರ, ಜನವರಿ 14, 2025

ಪ್ರೀತಿಯ ಅಣ್ಣ ಆರ್ವಿಡ್,

ನಿನ್ನ ಮಂಡಿನೋವು ಹೇಗಿದೆ? ಅರಿಜೋನಾದ ಬಿಸಿಲು ಕೀಲುಗಳಿಗೆ ಒಳ್ಳೆಯದೆಂದು ಹೋದವನು ಈಗ ನಡೆದಾಡುತ್ತಿದ್ದೀಯೋ, ಕುರ್ಚಿಯಲ್ಲೇ ಕೂತಿದ್ದೀಯೋ? ಇಲ್ಲಿ ಸರೋವರದ ಅಂಚು ಹೆಪ್ಪುಗಟ್ಟಿದೆ. ನಾನು ಗಟ್ಟಿಯಾಗಿದ್ದೇನೆ, ಸಿಟ್ಟು ಬಂದಾಗ ಇನ್ನೂ ಗಟ್ಟಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕಾರ್ಖಾನೆಯ ಮಾತು ತೆಗೆದರೆ ಸಾಕು, "ಊಟಕ್ಕೆ ಹೊತ್ತಾಯ್ತು ಲೋರ್ನಾ" ಎಂದು ಇಟ್ಟುಬಿಡುತ್ತೀ. ಪತ್ರಕ್ಕೆ ಊಟದ ನೆಪ ಹೇಳಲಾಗದು.

ನಿನ್ನ ಮಗಳು ಸಿಗ್ನೆ ನಿನಗೆ ಏನನ್ನೂ ಹೇಳಿರಲಾರಳು. ನೀನು ಮೂವತ್ತು ವರ್ಷ ಮೇಸ್ತ್ರಿಯಾಗಿದ್ದ ಶೆಡ್ಡಿನಲ್ಲಿ ಈಗ ಅವಳು ಪರೀಕ್ಷಿಸುತ್ತಿರುವುದು ಆಸ್ಪತ್ರೆಯ ಎಕ್ಸ್‌ರೇ ಯಂತ್ರಗಳನ್ನು. ರೋಗಿಯ ಎದೆಯ ಮೇಲೆ ಎಕ್ಸ್‌ರೇ ಬಿಡುವ ನಲವತ್ತು ಪೌಂಡಿನ ಪೆಟ್ಟಿಗೆಯನ್ನು ಒಂದು ಸ್ಟೆಪ್ಪರ್ ಮೋಟಾರು ಎತ್ತಿ ಹಿಡಿದಿರುತ್ತದೆ. ಆ ಮೋಟಾರಿನ ಗುಣ ನಿನಗೆ ಗೊತ್ತಿದ್ದದ್ದೇ. ತಿರುಗದೆ ನಿಂತಾಗಲೂ ಭಾರ ಹಿಡಿದಿಡಲು ಅದು ವಿದ್ಯುತ್ ಕುಡಿಯುತ್ತಲೇ ಇರುತ್ತದೆ, ಕಾಯುತ್ತಲೇ ಇರುತ್ತದೆ. ಎಂಬತ್ತು ಡಿಗ್ರಿ ಸೆಲ್ಸಿಯಸ್ಸಿಗೆ ನಮ್ಮ ಕೈ ಸುಡುತ್ತದೆ, ಅದಕ್ಕೆ ಏನೂ ಆಗದು.

ಒಂದು ಆಸ್ಪತ್ರೆಯಿಂದ "ಮುಟ್ಟಿದರೆ ಸುಡುತ್ತೆ" ಎಂದು ದೂರು ಬಂತು. ಮೋಟಾರಿನ ಹಿಂಬದಿಗೆ ಲೋಹದ ತಟ್ಟೆ ಕೂರಿಸಿ, ಮುಚ್ಚಳಕ್ಕೆ ಗಾಳಿಕಿಂಡಿ ಕೊರೆದು ಶಾಖ ಇಳಿಸಬೇಕಿತ್ತು. ಹೊಸ ಮ್ಯಾನೇಜರ್ ಕ್ರ್ಯಾಂಡಲ್ ಅದನ್ನು ಬಿಟ್ಟು, ಮೋಟಾರು ನಿಂತಾಗ ಹರಿಯುವ ವಿದ್ಯುತ್ತನ್ನೇ ಮೂರರಲ್ಲೊಂದು ಪಾಲಿಗೆ ಇಳಿಸಿದ. ಹತ್ತು ನಿಮಿಷ ನೋಡಿದ. ಮೋಟಾರು ತಣ್ಣಗಿತ್ತು, ಪೆಟ್ಟಿಗೆ ಕದಲಲಿಲ್ಲ, ಅವನಿಗೆ ತೃಪ್ತಿಯಾಯಿತು. ಸಿಗ್ನೆ ಇಡೀ ದಿನ ಓಡಿಸಿದಳು. ಮೇಲೆ ಕೆಳಗೆ ಓಡಿ ಓಡಿ ನಾಲ್ಕನೇ ಗಂಟೆಗೆ ಪೆಟ್ಟಿಗೆಯನ್ನು ಏರಿಸಿಳಿಸುವ ಸ್ಕ್ರೂವಿನ ಗ್ರೀಸು ಬೆಚ್ಚಗಾಗಿ ತೆಳುವಾಯಿತು, ಹಿಡಿತ ಸಡಿಲಾಯಿತು. ಪಕ್ಕದಲ್ಲಿ ಯಾರೋ ಗಾಡಿ ತಳ್ಳಿದ ಅದುರಿಗೇ ಪೆಟ್ಟಿಗೆ ದಡಕ್ಕನೆ ಒಂದು ಗೇಣು ಕುಸಿಯಿತು.

ಯಂತ್ರ ಸುರಕ್ಷಿತ ಎಂಬ ಕಾಗದಕ್ಕೆ ಅವಳು ಸಹಿ ಹಾಕಲು ಒಪ್ಪಲಿಲ್ಲ. ಕ್ರ್ಯಾಂಡಲ್ ಎಲ್ಲರೆದುರು ಅಂದನಂತೆ: "ಐದು ಎಣಿಸೋವರೆಗೂ ಕೈ ಇಡಕ್ಕಾಗ್ದಿದ್ರೆ ಮೋಟಾರು ಕೆಟ್ಟಿದೆ ಅಂತ ನಿಮ್ಮಪ್ಪನೇ ಗೋಡೆ ಮೇಲೆ ಬರೆದಿದಾರಲ್ಲಮ್ಮ! ಅಪ್ಪನಿಗಿಂತ ಬುದ್ಧಿವಂತೆನಾ ನೀನು?"

"ಅದು ಫ್ಯಾನ್ ಮೋಟಾರಿಗೆ ಬರೆದದ್ದು ಸಾರ್. ಇದರ ಕೆಳಗೆ ನಿಮ್ಮಮ್ಮನ್ನ ಮಲಗಿಸ್ತೀರಾ?"

ಶೆಡ್ಡೆಲ್ಲ ನಕ್ಕಿತಂತೆ, ಆಮೇಲೆ ತಲೆ ತಗ್ಗಿಸಿತಂತೆ. ನಿನ್ನ ಕೈಬರಹಕ್ಕೆ ಈಗ ಗಾಜು, ಚೌಕಟ್ಟು ಎಲ್ಲ ಇದೆ. ಅದರೆದುರು ಯಾರು ಬಾಯಿ ತೆರೆಯುತ್ತಾರೆ?

ಊರು ಮರೆತಿರಬಹುದು, ನಾನು ಮರೆತಿಲ್ಲ. 1991ರಲ್ಲಿ ಇದೇ ಜಾತಿಯ ಮೋಟಾರು ಬಿಸಿಯೆಂದು ನೀನೇ ವಿದ್ಯುತ್ ಇಳಿಸಿದೆ. ಅದು ಹಿಡಿದಿದ್ದ ಭಾರ ನಿನ್ನ ಕೈಕೆಳಗಿದ್ದ ಆಸ್ಕರ್ ಲಿಂಡಾಲನ ಬಲಗೈ ಮೇಲೆ ಜಾರಿತು. ಆ ಸಂಜೆ ನನ್ನ ಅಡುಗೆಮನೆಯಲ್ಲಿ ಕೂತು ಅಂದೆ: "ನನ್ನ ಐದರ ಎಣಿಕೆ ಈ ಮೋಟಾರಿಗಲ್ಲ ಲೋರ್ನಾ. ನಾಳೆನೇ ಅಳಿಸ್ತೀನಿ." ಅಳಿಸಲಿಲ್ಲ. ಗ್ರಂಥಾಲಯದಲ್ಲಿ ಆ ವಾರದ ಪತ್ರಿಕೆ ತೆಗೆಸಿ ನೋಡಿದೆ. "ಕೆಲಸಗಾರನ ಅಜಾಗರೂಕತೆ" ಎಂದು ಎರಡು ಸಾಲಿದೆ, ಅಷ್ಟೇ. ಆಸ್ಕರ್ ಸಾಯುವ ತನಕ ಎಡಗೈಯಲ್ಲೇ ಚಮಚ ಹಿಡಿದ. ಅಜಾಗರೂಕರು ಯಾರೆಂದು ನಿನಗೂ ಗೊತ್ತು, ನನಗೂ ಗೊತ್ತು. ಮೂವತ್ತಮೂರು ವರ್ಷ ಸುಮ್ಮನಿದ್ದ ಪಾಪದಲ್ಲಿ ನನಗೂ ಪಾಲಿದೆ.

ಫ್ರಿಡಾ ಅತ್ತಿಗೆಗೆ ನನ್ನ ನೆನಪು ಹೇಳು. ನಿನ್ನ ಮೇಲೆ ಕೋಪವಿದೆ. ಪ್ರೀತಿ ಅದಕ್ಕಿಂತ ಹಳೆಯದು.

ನಿನ್ನ ತಂಗಿ,
ಲೋರ್ನಾ

ಮತ್ತೆ: ಲಕೋಟೆ ಅಂಟಿಸುವಾಗ ಸಿಗ್ನೆಯ ಫೋನು ಬಂತು. ಸಹಿ ಹಾಕಿದ್ದಾಳೆ. ಹಾಕದಿದ್ದರೆ ಕೆಲಸ ಹೋಗುತ್ತಿತ್ತು, ಅದರ ಜೊತೆ ಗಂಡನ ಕ್ಯಾನ್ಸರ್ ಚಿಕಿತ್ಸೆಯ ವಿಮೆಯೂ. ಸಹಿ ಹಾಕಿದವರೇ ಕೊಳ್ಳುವವರೆದುರು ಯಂತ್ರದ ಕೆಳಗೆ ಮಲಗಿ ತೋರಿಸಬೇಕೆಂಬ ಪದ್ಧತಿ ಆ ಶೆಡ್ಡಿನಲ್ಲಿ ಇನ್ನೂ ಇದೆ. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಅವಳ ಸರದಿ. ಯಂತ್ರ ಬೆಳಗಿನಿಂದಲೇ ಓಡುತ್ತಿರುತ್ತದೆ. ನಿನಗೆ ಎರಡು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ಈ ಪತ್ರವನ್ನು ತುರ್ತು ಅಂಚೆಯಲ್ಲಿ ಹಾಕುತ್ತೇನೆ, ಗುರುವಾರ ನಿನ್ನ ಕೈ ಸೇರುತ್ತದೆ. ಕ್ರ್ಯಾಂಡಲ್ ಸಿಗ್ನೆಯ ಮಾತನ್ನೂ ನನ್ನ ಮಾತನ್ನೂ ಕೇಳುವುದಿಲ್ಲ, ನಿನ್ನದು ಕೇಳುತ್ತಾನೆ. ಅವನಿಗೆ ಫೋನು ಮಾಡಿ, ಬರೆದದ್ದು ತಪ್ಪು ಎಂದು ಹೇಳು. ಹೇಳಲು ನಾಚಿಕೆಯಾದರೆ, ಶುಕ್ರವಾರ ಎರಡು ಗಂಟೆಗೆ ಗಡಿಯಾರ ನೋಡುತ್ತಾ ಕೂತಿರು.