ಗೋಡೆಯ ಆಚೆಗಿದ್ದ ಭೀಮ

ನಿವೃತ್ತಿವನ, ಸಂಡೂರು ಗುಡ್ಡ
ಫೆಬ್ರವರಿ ೩೦, ೨೧೧೭

ನನ್ನ ಮುತ್ತಜ್ಜಿಯ ಕಾಲದಲ್ಲಿ ಪ್ರಯೋಗಾಲಯದ ಚಿಂಪಾಂಜಿಗಳಿಗೆ ಮನೆ ಹುಡುಕುತ್ತಿರುವ ಹಿರಿಯರಿಗೆ ನೀಲಗಂಗಾಳ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ; ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿವೃತ್ತಿವನವೆಂದರೆ ಔಷಧಿ ಪರೀಕ್ಷೆಗೆ ಬಳಸಿ ಬಿಟ್ಟ ಚಿಂಪಾಂಜಿಗಳು ಕೊನೆಗಾಲ ಕಳೆಯುವ ಕಾಡು. ಗಣಿ ಮುಚ್ಚಿದ ಮೇಲೆ ಈ ಗುಡ್ಡದಲ್ಲಿ ಬೆಳೆಸಿದ್ದು. ಬೆಳಿಗ್ಗೆ ಎದ್ದು ಮಂಜುಬಲೆ, ಅಂದರೆ ಗಾಳಿಯ ತೇವ ಹಿಡಿಯುವ ಬಲೆ, ಹಿಂಡಿ ತೊಟ್ಟಿ ತುಂಬಿಸುತ್ತೇನೆ. ಬೇಯಿಸಿದ ಗೆಣಸು ಹಂಚುತ್ತೇನೆ. ಹಂಚುವುದೇನು ಬಂತು, ಈಗ ಉಳಿದಿರುವುದು ಮುದುಕಿ ಗೌರಿ ಒಬ್ಬಳೇ. ಸಿಪ್ಪೆ ಸುಲಿದು ಕೊಡದಿದ್ದರೆ ನನ್ನ ಮೇಲೇ ಎಸೆಯುತ್ತಾಳೆ.

ಪ್ರತಿ ಸಂಜೆ ಗೌರಿ ತನ್ನ ಕೋಣೆಯ ಗೋಡೆಯನ್ನು ಮೆಲ್ಲಗೆ ಬಡಿದು, ಕಿವಿಯಿಟ್ಟು ಕೂರುತ್ತಾಳೆ. ಯಾಕೆಂದು ಅವಳಿಗೂ ಗೊತ್ತಿಲ್ಲ. ಇಲ್ಲಿದ್ದ ಹಿರಿಯ ಚಿಂಪಾಂಜಿಗಳನ್ನು ನೋಡಿ ಕಲಿತಳು. ಅವರು ತಾರಿಯನ್ನು ನೋಡಿ ಕಲಿತಿದ್ದರು. ತಾರಿ ನಿಮ್ಮ ಕಾಲದವಳು, ಇಲ್ಲಿಗೆ ಮೊದಲು ಬಂದವಳು. ಪ್ರಯೋಗಾಲಯದಲ್ಲಿ ಅವಳ ಪಂಜರಕ್ಕೂ ಭೀಮನ ಪಂಜರಕ್ಕೂ ನಡುವೆ ಗೋಡೆಯಿತ್ತು. ಒಬ್ಬರ ಮುಖ ಒಬ್ಬರು ನೋಡದೆ, ಬರೀ ಗೋಡೆ ಬಡಿದು ಮಾತಾಡಿಕೊಂಡು ಇಬ್ಬರೂ ಆಯುಷ್ಯ ಸವೆಸಿದರು. ಇಲ್ಲಿ ಒಬ್ಬರಿಗಷ್ಟೇ ಜಾಗವಿತ್ತು. ಬೇರೆ ಬೇರೆ ಪಂಜರದವರು, ಜೊತೆಗಾರರಲ್ಲ ಎಂದುಕೊಂಡು ನಿಮ್ಮವರು ತಾರಿಯನ್ನು ಕಳಿಸಿದರು. ಭೀಮನಿಗೆ ಮುಂದಿನ ವರ್ಷ ಎಂದರು. ಅವನು ಅನ್ನ ನೀರು ಬಿಟ್ಟು ಮಳೆಗಾಲಕ್ಕೆ ಮೊದಲೇ ಸತ್ತ.

ತಾರಿಯನ್ನು ನೋಡಿಕೊಳ್ಳುತ್ತಿದ್ದವರು ನನ್ನ ಮುತ್ತಜ್ಜಿ ಹುಲಿಗೆಮ್ಮ. ಇಲ್ಲಿಯೂ ತಾರಿ ಗೋಡೆ ಬಡಿದು ಭೀಮನಿಗೆ ಕಾಯುವುದನ್ನು ನೋಡಲಾರದೆ ಒಂದು ಸಂಜೆ ಆಚೆ ಕೋಣೆಗೆ ಹೋಗಿ ತಾವೇ ಗೋಡೆ ಬಡಿದರು. ತಾರಿ ಕೇಳಿಸಿಕೊಂಡಳು, ಆಮೇಲೆ ಗೋಡೆಗೆ ಬೆನ್ನು ಹಾಕಿ ಕೂತಳು. “ಆಕಿಗೆ ಮೋಸ ಮಾಡಾಕ ಹೋಗಬ್ಯಾಡ್ರಿ. ಆತನ ಕೈ ಆಕಿಗೆ ಗೊತ್ತೈತಿ” ಎಂದು ಮುತ್ತಜ್ಜಿ ಆಮೇಲೆ ಎಲ್ಲರಿಗೂ ಹೇಳುತ್ತಿದ್ದರಂತೆ. ನಮ್ಮ ಮನೆಯಲ್ಲಿ ಆ ಮಾತು ಯಾರೂ ಮೀರಿಲ್ಲ. ಗೌರಿ ಬಡಿದಾಗ ಮರುಬಡಿಯದೆ ಕೂರುವುದು ಸುಲಭವಲ್ಲ. ನನಗೆ ಅಳು ಬರುತ್ತದೆ, ಸಿಟ್ಟೂ ಬರುತ್ತದೆ, ನಿಮ್ಮ ಮೇಲೆಯೇ.

ಈ ಪತ್ರ ಮುಟ್ಟುವ ಹೊತ್ತಿಗೆ ತಾರಿ ಇನ್ನೂ ನಿಮ್ಮಲ್ಲೇ ಇರಬಹುದು. ಕೈ ಮುಗಿಯುತ್ತೇನೆ, ಇಬ್ಬರನ್ನೂ ಒಟ್ಟಿಗೆ ಕಳಿಸಿ. ಜಾಗವಿಲ್ಲದಿದ್ದರೆ ಇಬ್ಬರನ್ನೂ ಅಲ್ಲೇ ಇರಿಸಿಕೊಂಡು ಜಾಗ ಹುಡುಕಿ. ಹೊರಡಿಸುವ ಮುನ್ನ ಸಂಜೆ ಹೊತ್ತು ಪಂಜರಗಳ ನಡುವೆ ಸುಮ್ಮನೆ ನಿಂತು ಕೇಳಿ, ಯಾರಿಗೆ ಯಾರು ಎಂದು ತಿಳಿಯುತ್ತದೆ. ಇಬ್ಬರೂ ಕೂಡಿ ಬಂದಿದ್ದರೆ ಈ ಬಡಿತವನ್ನು ಇಲ್ಲಿ ಯಾರೂ ಕಲಿಯುತ್ತಿರಲಿಲ್ಲ. ಇವತ್ತು ಗೌರಿ ಗೋಡೆಯ ಕಡೆ ತಿರುಗದೆ ಮಲಗಿಬಿಟ್ಟರೆ, ನನ್ನ ಮಾತು ನಿಮಗೆ ಮುಟ್ಟಿತೆಂದು ತಿಳಿಯುತ್ತೇನೆ.

ಹೊತ್ತು ಮುಳುಗಿತು. ಬಡಿಯುತ್ತಿದ್ದಾಳೆ.