ಫ್ರಿಜ್ಜಿನಲ್ಲಿಟ್ಟ ಚರ್ಮದ ಚೂರು

ಮಾರ್ಚ್ ೯, ಭಾನುವಾರ

ಅಕ್ಕನ ನಾಯಿ ಸತ್ತು ಇಂದಿಗೆ ನಾಲ್ಕು ದಿನ. ಭಾವ ತೀರಿಕೊಂಡ ಮೇಲೆ ಅದು ಅವರ ಬೂಟಿನ ಮೇಲೇ ತಲೆಯಿಟ್ಟು ಮಲಗುತ್ತಿತ್ತು. ಅದರ ಕಿವಿಯಿಂದ ತೆಗೆದ ಚರ್ಮದ ಚೂರು ನನ್ನ ಕ್ಲಿನಿಕ್ಕಿನ ಫ್ರಿಜ್ಜಿನಲ್ಲಿತ್ತು. ತದ್ರೂಪಿ ನಾಯಿ ಹುಟ್ಟಿಸುವ ಪ್ರಯೋಗಾಲಯಕ್ಕೆ ಅದನ್ನು ನಾಳೆಯೊಳಗೆ ಕಳಿಸಬೇಕಿತ್ತು. ಇದು ಬೇಡವೆಂದು ಪಶುವೈದ್ಯೆಯಾಗಿ ಹೇಳುವುದನ್ನೆಲ್ಲ ಹೇಳಿ ನನಗೆ ಸಾಕಾಗಿತ್ತು. ಅಕ್ಕ ಮಾತ್ರ, "ಪಾಪವೋ ಅಲ್ಲವೋ, ಅಷ್ಟು ಕೇಳ್ಬಿಡ್ತೀನಿ" ಎಂದು ಬೆಳಿಗ್ಗೆ ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ಫಾದರ್ ಮುಂದೆ ನಿಂತಳು.

ಅವರು ಬೈಯಲಿಲ್ಲ. "ಪಾಪ ಅಂತ ಖಡಾಖಂಡಿತವಾಗಿ ಹೇಳೋಕಾಗಲ್ಲಮ್ಮ. ಆದ್ರೆ ಅದೊಂದು ಹುಟ್ಟೋಕೆ ಎಷ್ಟು ಹೆಣ್ಣುನಾಯಿಗಳ ಹೊಟ್ಟೆ ಕುಯ್ಯಬೇಕು ಅಂತ ನಿನ್ನ ತಂಗೀನ ಕೇಳು. ಇನ್ನೊಂದು ಮಾತು. ದೇವರು ಒಂದು ಗುಬ್ಬೀನೂ ಮರೆಯಲ್ಲ. ಹುಟ್ಟೋ ಮರಿ ಅವನಿಗೆ ಹೊಸ ಮರಿಯೇ. ನಿನಗೆ?"

ಮನೆಗೆ ಹೊರಟೆವು. ಕ್ಲಿನಿಕ್ ಹತ್ತಿರ ಬಂದಾಗ ಅಕ್ಕ ಕಾರು ನಿಲ್ಲಿಸೆಂದಳು.

"ಆ ಮರಿ ಇವರ ಬೂಟಿನ ಹತ್ರ ಹೋಗದಿದ್ರೆ ನಂಗೆ ಸಿಟ್ಟು ಬರುತ್ತೆ ಕಣೆ. ಅದೇನು ತಪ್ಪು ಮಾಡಿರುತ್ತೆ, ಪಾಪ! ಬೇಡ ಬಿಡು."

ನನ್ನ ಅಕ್ಕ ಇವಳು ಎಂದು ತಬ್ಬಿಕೊಳ್ಳಬೇಕೆನಿಸಿತು. ತಬ್ಬಿಕೊಂಡೆ. "ಸೀರೆ ಮುದುಡುತ್ತೆ" ಎಂದು ಗದರಿದಳು, ಆದರೆ ಬಿಡಿಸಿಕೊಳ್ಳಲಿಲ್ಲ.

ಸಂಜೆ ಹಿತ್ತಲಲ್ಲಿ, ನಾಯಿಯನ್ನು ಹೂತ ಜಾಗದಲ್ಲೇ ಆ ಚೂರನ್ನೂ ಹೂತೆವು. ಅಕ್ಕ ಮಣ್ಣು ತಟ್ಟುತ್ತಾ, "ಹೋಗೋ ಕಳ್ಳ, ಅವರು ಕಾಯ್ತಿರ್ತಾರೆ" ಎಂದಳು.

ನಾಯಿಗಳಿಗೆ ಸ್ವರ್ಗ ಉಂಟೋ ಇಲ್ಲವೋ ಎಂದು ಫಾದರನ್ನು ಕೇಳಲು ಇಬ್ಬರಿಗೂ ಮರೆತೇ ಹೋಗಿತ್ತು. ಮುಂದಿನ ಭಾನುವಾರ ಕೇಳಬೇಕು. ಬೇಡ, ಯಾಕೆ? ಅಕ್ಕ ಆಗಲೇ ಅದನ್ನು ಅಲ್ಲಿಗೆ ಕಳಿಸಿಯಾಗಿದೆ, ಇನ್ನು ಫಾದರನ್ನು ಕೇಳುವುದೇನು.